ನಮಗೆ ತೋಚಿದ್ದು: ಬೆಳ್ಳಿ ಪಟ್ಟಿಯ ಮೇಲಿನ ಊರು

ಕಳೆದ ಸಂಚಿಕೆಯಲ್ಲಿ ನಾವು ಬಾಡಿಗೆಮನೆಯ ಮಾಲೀಕರನ್ನು ಕುರಿತು ಬರೆದದ್ದು ಇಬ್ಬರು ಮಾಲೀಕ ಸದಸ್ಯರ ಮನಸ್ಸಿಗೆ ನಾಟಿತಂತೆ. ಈ ಸಲ ಯಾರನ್ನೂ ಚುಚ್ಚದ ವಿಷಯ ಬರೆಯಬೇಕೆಂದು ಸಂಪಾದಕರ ಕಟ್ಟಪ್ಪಣೆಯಾಗಿದೆ. ಆದ್ದರಿಂದ ಫ್ರಾನ್ಸ್ ದೇಶದ ಒಂದು ಪದಕದ ಕಥೆ ಹೇಳುತ್ತೇವೆ. ನಮ್ಮ ಸಂಘದ ಸದಸ್ಯರಲ್ಲಿ ಅದನ್ನು ಪಡೆದವರು ಯಾರೂ ಇಲ್ಲವಾದ್ದರಿಂದ ಜಗಳಕ್ಕೆ ಆಸ್ಪದವಿಲ್ಲ.

ಜುಲೈ ತಿಂಗಳಲ್ಲಿ ಎರಡು ದಿನ ರಜೆ ಹಾಕಿ ಸಂಸಾರ ಸಮೇತ ಪುದುಚ್ಚೇರಿಗೆ ಹೋಗಿದ್ದೆವು. ನಮ್ಮ ಅದೃಷ್ಟಕ್ಕೆ ಅದು 14ನೆಯ ತಾರೀಖು, ಫ್ರೆಂಚರ ರಾಷ್ಟ್ರೀಯ ಹಬ್ಬ. ಕಡಲ ದಂಡೆಯ ರಸ್ತೆಯಲ್ಲಿ, ಗಾಂಧೀಜಿಯ ಪ್ರತಿಮೆಗೆ ಸಮೀಪದಲ್ಲೇ, 1938ರಲ್ಲಿ ಉದ್ಘಾಟನೆಯಾದ ಯುದ್ಧ ಸ್ಮಾರಕವಿದೆ. ಅದರ ಮುಂದೆ ಮುದುಕರ ಒಂದು ಸಾಲು ನಿಂತಿತ್ತು. ಎಲ್ಲರೂ ನಮ್ಮಂತೆಯೇ ಕಪ್ಪು ಕಂದು ಮೈಬಣ್ಣದವರು, ಬಾಯಲ್ಲಿ ಶುದ್ಧ ತಮಿಳು. ಆದರೆ ಕೋಟಿನ ಮೇಲೆ ಫ್ರೆಂಚ್ ಪದಕಗಳು! ಅವರ ರಾಷ್ಟ್ರಗೀತೆಯೂ ಆಯಿತು, ನಮ್ಮ ಜನಗಣಮನವೂ ಆಯಿತು. ನಾವೂ ನೆಟ್ಟಗೆ ನಿಂತೆವು. ನಮ್ಮ ಮಗ ಮಾತ್ರ ಪದಕಗಳನ್ನೇ ಎಣಿಸುತ್ತಿದ್ದ.

ಸಮಾರಂಭ ಮುಗಿದ ಮೇಲೆ ಹುಡುಗ ಒಬ್ಬ ಹಿರಿಯರ ಮುಂದೆ ಹೋಗಿ ನಿಂತುಬಿಟ್ಟ. ಎಪ್ಪತ್ತರ ಅಂಚಿನವರು, ಒಳ್ಳೆಯ ನಗುಮುಖ. ತಿಳಿನೀಲಿಯ ಮೇಲೆ ಬಿಳಿಯ ಉದ್ದ ಗೆರೆಗಳಿದ್ದ ರಿಬ್ಬನ್ನಿಗೆ ತೂಗಿದ ಬೆಳ್ಳಿಯ ಪದಕವನ್ನು ಎತ್ತಿ ತೋರಿಸಿದರು. ಒಂದು ಕಡೆ ಫ್ರೆಂಚ್ ಗಣರಾಜ್ಯವನ್ನು ಸೂಚಿಸುವ ಸ್ತ್ರೀಯ ಮುಖ, ಇನ್ನೊಂದು ಕಡೆ ಭೂಗೋಳ, ಮೇಲೆ ತೂಗುಹಾಕುವ ಕೊಂಡಿ ಬಿದಿಗೆ ಚಂದ್ರನ ಆಕಾರ. ರಿಬ್ಬನ್ನಿನ ಮೇಲೆ ಎರಡು ಸಣ್ಣ ಬೆಳ್ಳಿ ಪಟ್ಟಿಗಳು. ಒಂದರಲ್ಲಿ 'ಚಾಡ್', ಇನ್ನೊಂದರಲ್ಲಿ 'ಲೆಬನಾನ್' ಎಂದು ಫ್ರೆಂಚಿನಲ್ಲಿ ಕೆತ್ತಿತ್ತು. "ಇದು ಗೆದ್ದದ್ದಕ್ಕಲ್ಲ ತಂಬಿ, ಹೋಗಿ ಇದ್ದದ್ದಕ್ಕೆ" ಎಂದರು.

ಈ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಪುಸ್ತಕ ತಿರುವಿದೆವು.

ಈ ಪದಕ ಹುಟ್ಟಿದ್ದು 1893ರ ಜುಲೈ 26ರಂದು. ಎಲ್ಲಿ ಹುಟ್ಟಿತು ಅಂತೀರಿ? ಆ ವರ್ಷದ ಹಣಕಾಸಿನ ಕಾಯಿದೆಯೊಳಗೆ! ಖರ್ಚುವೆಚ್ಚಗಳ ಕಲಮುಗಳ ನಡುವೆ ಒಂದು ಕಲಮಾಗಿ ಒಂದು ದೇಶದ ಗೌರವಚಿಹ್ನೆ ಅವತರಿಸಿತು. ಫೈಲುಗಳ ನಡುವೆ ಬಾಳುವ ನಮಗೆ ಇದು ಬಹಳ ಹಿತವೆನಿಸಿತು. ಆಗ ಅದರ ಹೆಸರು 'ವಸಾಹತು ಪದಕ'. ವಸಾಹತುಗಳಲ್ಲಿ ದಂಡಯಾತ್ರೆಗೆ ಹೋದವರಿಗೆ ಕೊಡುತ್ತಿದ್ದರು, ಹೋದ ನಾಡಿನ ಹೆಸರನ್ನು ಪಟ್ಟಿಯ ಮೇಲೆ ಕೆತ್ತಿಸುತ್ತಿದ್ದರು: ಅಲ್ಜೀರಿಯಾ, ಮೊರಾಕೊ, ಮಡಗಾಸ್ಕರ್, ಕೊಚಿನ್‌ಚೀನಾ. ಮಾರ್ಶಾನ್ ಎಂಬ ಅಧಿಕಾರಿ ಆಫ್ರಿಕದ ಪಶ್ಚಿಮ ಕರಾವಳಿಯಿಂದ ಕಾಡು ನದಿಗಳನ್ನು ದಾಟಿ 1898ರ ಜುಲೈಯಲ್ಲಿ ನೈಲ್ ನದಿಯ ಫಶೋಡಾ ತಲುಪಿದ. ಹಿಂದೆಯೇ ಬಂದ ಇಂಗ್ಲಿಷರ ಕಿಚನರನ ಮುಂದೆ ಪಟ್ಟು ಸಾಗದೆ ಡಿಸೆಂಬರಿನಲ್ಲಿ ಜಾಗ ಬಿಟ್ಟುಕೊಟ್ಟು, 1899ರಲ್ಲಿ ಜಿಬೂಟಿಯ ಕಡಲು ಸೇರಿದ. ಆ ತಂಡಕ್ಕೆ 'ಅಟ್ಲಾಂಟಿಕ್‌ನಿಂದ ಕೆಂಪು ಸಮುದ್ರದವರೆಗೆ' ಎಂಬ ಚಿನ್ನದ ಪಟ್ಟಿಯೇ ಸಿಕ್ಕಿತು. ಊರು ಕೈತಪ್ಪಿದರೂ ಪಟ್ಟಿ ಕೈತಪ್ಪಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ನಮ್ಮ ಹುಟ್ಟೂರು ಶ್ರೀರಂಗಪಟ್ಟಣಕ್ಕೆ ನಡೆದು ಹೋಗುವಷ್ಟು ಹತ್ತಿರ. 1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರೂ ಒಂದು ಪದಕ ಮಾಡಿಸಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಚ್ಚುಹಾಕಿಸಿದ ಆ ಪದಕದ ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೆಟ್ಟಿದೆ, ಇನ್ನೊಂದರಲ್ಲಿ ನಮ್ಮ ಕೋಟೆಗೆ ಲಗ್ಗೆ ಹಾಕುವ ಚಿತ್ರ. ದೊಡ್ಡವರಿಗೆ ಚಿನ್ನ, ಅವರ ಕೆಳಗಿನವರಿಗೆ ಬೆಳ್ಳಿ, ಕಂಚು. ಸಾಮಾನ್ಯ ಸಿಪಾಯಿಗೆ ತವರ. ಯಾರದೋ ಎದೆಯ ಮೇಲೆ ನೇತಾಡಿದ್ದು ನಮ್ಮ ಅಜ್ಜಿಯರು ನೀರು ತಂದ ಊರಿನ ಸೋಲು. ಅಲ್ಜೀರಿಯಾದ ಗುಮಾಸ್ತನೊಬ್ಬ ಆ ನೀಲಿ ರಿಬ್ಬನ್ನನ್ನು ನೋಡಿದಾಗ ಅವನಿಗೂ ಹೀಗೆಯೇ ಅನ್ನಿಸಿರಬೇಡವೆ?

ಹಾಗೆಂದು ಎಲ್ಲ ಪಟ್ಟಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. 1942ರ ಬಿರ್ ಹಕೀಮ್ ಎಂಬುದೂ ಒಂದು ಪಟ್ಟಿ. ಲಿಬಿಯಾದ ಮರಳುಗಾಡಿನ ಆ ಠಾಣೆಯಲ್ಲಿ ಜನರಲ್ ಕೋನಿಗನ ಸ್ವತಂತ್ರ ಫ್ರೆಂಚ್ ದಳ, ರೊಮ್ಮೆಲನ ಸೇನೆಗೆ ಎದುರಾಗಿ ಮೇ ಕೊನೆಯಿಂದ ಜೂನ್ 11ರವರೆಗೆ ತಡೆದು ನಿಂತಿತು. ಅದರ ಪಕ್ಕದಲ್ಲೇ ನಮ್ಮವರ 3ನೆಯ ಇಂಡಿಯನ್ ಮೋಟಾರ್ ಬ್ರಿಗೇಡು ಮೊದಲ ದಿನವೇ ನುಚ್ಚುನೂರಾಯಿತು. ಸೆರೆಸಿಕ್ಕವರಲ್ಲಿ ಸುಮಾರು 600 ಮಂದಿ ಭಾರತೀಯರನ್ನು ಶತ್ರುಗಳು ಮರಳಿನಲ್ಲಿ ನೀರಿಲ್ಲದೆ ಬಿಟ್ಟುಬಿಟ್ಟರು. ಅವರು ಬಾಯಾರಿ ತತ್ತರಿಸುತ್ತ ಫ್ರೆಂಚರ ಠಾಣೆಗೆ ಬಂದಾಗ, ತಮಗೇ ಅಳೆದು ಹಂಚಬೇಕಾಗಿದ್ದ ನೀರಿನಲ್ಲಿ ಅವರಿಗೂ ಪಾಲು ಕೊಟ್ಟರು. ಆ ಪಟ್ಟಿಯನ್ನು ಧರಿಸಿದವನಿಗೆ ನಮ್ಮ ನಮಸ್ಕಾರವಿದೆ.

1962 ಬಂತು. ಜೂನ್ 6ರಂದು ಪದಕದ ಹೆಸರಿನಿಂದ 'ವಸಾಹತು' ಹೋಗಿ 'ಕಡಲಾಚೆಯ ಪದಕ' ಎಂದಾಯಿತು. ಜುಲೈಯಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. 1954ರ ನವೆಂಬರ್ 1ರಿಂದಲೇ ನಮ್ಮ ಆಡಳಿತಕ್ಕೆ ಬಂದಿದ್ದ ಪುದುಚ್ಚೇರಿ, ಆಗಸ್ಟ್ 16ರಂದು ಕಾಗದ ಪತ್ರಗಳ ಪ್ರಕಾರವೂ ನಮ್ಮದಾಯಿತು. ವಸ್ತು ಕೈಬಿಟ್ಟ ಮೇಲೆ ಬೋರ್ಡು ಬದಲಾಯಿಸುವುದು ಸರ್ಕಾರಗಳ ಪದ್ಧತಿ! ಪದಕ ಮಾತ್ರ ನಿಲ್ಲಲಿಲ್ಲ. 1978ರಲ್ಲಿ ಕೊಲ್ವೇಜಿಯಲ್ಲಿ ಇಳಿದ ಪ್ಯಾರಾಚೂಟ್ ಪಡೆಗೆ 'ಜಾಯಿರ್' ಪಟ್ಟಿ, 1987-88ರಲ್ಲಿ ಕೊಲ್ಲಿಯಲ್ಲಿ ಕಾವಲಿದ್ದ ನಾವಿಕರಿಗೆ 'ಹೊರ್ಮುಜ್', ಆಮೇಲೆ 'ಸಾಹೇಲ್'. ಜಾಯಿರ್ ಎಂಬ ದೇಶದ ಹೆಸರೇ 1997ರಲ್ಲಿ ಅಳಿಸಿಹೋಯಿತು, ಪಟ್ಟಿಯ ಮೇಲೆ ಮಾತ್ರ ಉಳಿದಿದೆ; ನಮ್ಮ ಕಚೇರಿಯ ಹಳೆಯ ದಫ್ತರಗಳಲ್ಲಿ ಇನ್ನೂ ಮದರಾಸು ಇರುವಂತೆ.

ಮತ್ತೆ ನಮ್ಮ ಹಿರಿಯರಿಗೆ ಬರೋಣ. ಅವರ ಅಜ್ಜ ಸೈಗಾನಿನಲ್ಲಿ ಗುಮಾಸ್ತರಾಗಿದ್ದರಂತೆ. ಪುದುಚ್ಚೇರಿ, ಕಾರೈಕಾಲುಗಳಿಂದ ಬಹಳ ಮಂದಿ ಹೀಗೆ ಕೊಚಿನ್‌ಚೀನಾಕ್ಕೆ ಗುಮಾಸ್ತರಾಗಿ, ತೆರಿಗೆ ವಸೂಲಿಯವರಾಗಿ, ಪೋಲೀಸರಾಗಿ ಹೋದದ್ದುಂಟು. "ಅಜ್ಜನಿಗೆ ಪದಕ ಬಂತೆ ಐಯಾ?" ಎಂದು ಕೇಳಿದೆವು. ನಕ್ಕರು. "ಮೂವತ್ತು ವರ್ಷಕ್ಕೆ ಒಂದು ಕೊಡೆ ತಂದರು."

ಆಮೇಲೆ ಲೆಬನಾನಿನ ಪಟ್ಟಿಯನ್ನು ಬೆರಳಿಂದ ಒರೆಸುತ್ತ ಹೇಳಿದರು. 1983ರಲ್ಲಿ ಅವರು ಬೇರೂತಿನಲ್ಲಿದ್ದರು. ಆ ಅಕ್ಟೋಬರ್ 23ರಂದು ಡ್ರಾಕಾರ್ ಎಂಬ ಕಟ್ಟಡ ಸ್ಫೋಟದಲ್ಲಿ ಕುಸಿದು 58 ಮಂದಿ ಫ್ರೆಂಚ್ ಪ್ಯಾರಾಚೂಟ್ ಸೈನಿಕರು ಸತ್ತರು. ಇವರಿದ್ದದ್ದು ಬೇರೆ ಕಡೆ, ಬದುಕಿಕೊಂಡರು. ಆದರೆ ಅದೇ ದಿನಗಳಲ್ಲಿ ಇಲ್ಲಿ ಪುದುಚ್ಚೇರಿಯಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಸುದ್ದಿ ತಲುಪಿದ್ದು ಮೂರು ವಾರದ ಮೇಲೆ. "ಎಲ್ಲರೂ ಇದನ್ನು ನೋಡಿ ಯುದ್ಧದ ವಿಚಾರ ಕೇಳುತ್ತಾರೆ. ನನಗೆ ಇದು ಅಮ್ಮನ ತಿಥಿ ತಂಬಿ."

ನಮ್ಮ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವು ಕಡಲ ಕಡೆ ನೋಡಿದೆವು. ಎರಡು ವರ್ಷದ ಹಿಂದೆ ನಮ್ಮ ತಂದೆಯವರು ಹೋದಾಗ ನಾವು ರಾತ್ರಿ ಬಸ್ಸಿನಲ್ಲಿದ್ದೆವು. ಚೆನ್ನೈಯಿಂದ ಊರಿಗೆ ಒಂದು ರಾತ್ರಿಯ ದಾರಿಯೂ ಕೆಲವು ಸಲ ಕಡಲಿನಷ್ಟೇ ಅಗಲ. ಈ ಅಂಕಣ ಓದುವವರಲ್ಲಿ ಅಂಥ ಬಸ್ಸಿನಲ್ಲೋ ರೈಲಿನಲ್ಲೋ ಕೂತವರು ನಾವೊಬ್ಬರೇ ಅಲ್ಲವೆಂದು ಬಲ್ಲೆವು.

ಮನೆಗೆ ಬಂದ ರಾತ್ರಿ ಮಗ ಡ್ರಾಯಿಂಗ್ ಪುಸ್ತಕದಲ್ಲಿ ಪದಕದ ಚಿತ್ರ ಬರೆದ. ನೀಲಿ ರಿಬ್ಬನ್, ಚಂದ್ರ, ಭೂಗೋಳ, ಎಲ್ಲವೂ ಬಂತು. "ಇದು ನಿನಗೆ ಅಪ್ಪಾ" ಎಂದು ತೋರಿಸಿದ. ಪಟ್ಟಿಯ ಮೇಲೆ ಚೆನ್ನೈ ಎಂದು ಬರೆದಿದ್ದ, ತಮಿಳು ಅಕ್ಷರದಲ್ಲಿ. ಕನ್ನಡದಲ್ಲಿ ಅವನಿಗೆ ಇನ್ನೂ ಒತ್ತಕ್ಷರ ಬಾರದು.

"ಇದನ್ನು ಊರಿಗೆ ಕಳಿಸಿದರೆ ಅಜ್ಜಿ ಓದುತ್ತಾರೆಯೆ?" ಎಂದಳು ಮನೆಯಾಕೆ, ನಮ್ಮನ್ನು ನೋಡುತ್ತ.

ಮರುದಿನದಿಂದ ಸಂಜೆ ಅರ್ಧ ಗಂಟೆ ಕಾಗುಣಿತ ಶುರುವಾಗಿದೆ. ನ ಕಾರಕ್ಕೆ ನ ಒತ್ತು ಕೊಡುವುದನ್ನು ಹುಡುಗ ಕಲಿತಿದ್ದಾನೆ, ಪಟ್ಟಿ ತಿದ್ದಿಯೂ ಆಯಿತು. ದಸರೆಗೆ ಒಂಬತ್ತು ದಿನ ಊರಿಗೆಂದು ರಜೆಯ ಅರ್ಜಿ ಹಾಕಿದ್ದೇವೆ. ಅದು ಮೇಲಿನವರ ಮೇಜಿನ ಮೇಲಿದೆ.