ಮುಚ್ಚಿಟ್ಟವರು ಯಾರು?

ಯುರೋಪಿನ 60 ಲಕ್ಷ ಯಹೂದ್ಯರನ್ನು ಬಲಿತೆಗೆದುಕೊಂಡ ನಾತ್ಸಿ ನರಮೇಧವನ್ನು ಕುರಿತ ಜನಪ್ರಿಯ ಕಾದಂಬರಿಗಳಲ್ಲಿ ಈಚೆಗೆ ಒಂದು ಅಚ್ಚು ರೂಢಿಗೆ ಬಂದಿದೆ. ಕಥೆ ಎರಡು ಕಾಲಗಳಲ್ಲಿ ಸಾಗುತ್ತದೆ. ಒಂದರಲ್ಲಿ ಬಂಧನ, ರೈಲು, ಶಿಬಿರ. ಇನ್ನೊಂದರಲ್ಲಿ ಇಂದಿನ ಒಬ್ಬ ಮೊಮ್ಮಗಳೋ ಪತ್ರಕರ್ತೆಯೋ. ಬದುಕುಳಿದು ಬಂದ ಜೀವವೊಂದು ತನ್ನ ಪೂರ್ವವನ್ನು ಮನೆಯವರಿಂದಲೇ ಬಚ್ಚಿಟ್ಟಿದೆ. ಹಳೆಯ ಪೆಟ್ಟಿಗೆ, ಮಾಸಿದ ಛಾಯಾಚಿತ್ರ, ಒಂದು ಬೀಗದ ಕೈ. ಕಡೆಯ ಅಧ್ಯಾಯಗಳಲ್ಲಿ ರಹಸ್ಯ ಬಯಲು. ವಾಚಕನ ಕುತೂಹಲ ತಣಿಯುತ್ತದೆ, ಕಣ್ಣೂ ತೇವವಾಗುತ್ತದೆ. ಈ ಅಚ್ಚಿನೊಳಗೆ ಒಂದು ನೈತಿಕ ದೋಷವಿದೆ. ಅದನ್ನು ಎತ್ತಿ ಆಡದೆ ವಿಧಿಯಿಲ್ಲ.

ರಹಸ್ಯ ಕಥೆಗೆ ಅದರದೇ ಆದ ನಿಯಮವುಂಟು. ಮುಚ್ಚಿಡುವವರ ಮೇಲೆ ಸಂಶಯ ಹುಟ್ಟಬೇಕು. ಸಂಶಯವಿಲ್ಲದೆ ವಾಚಕ ಪುಟ ತಿರುವುವುದಿಲ್ಲ. ಆದುದರಿಂದ ಬದುಕುಳಿದವಳ ಮೌನವನ್ನು ಒಗಟನ್ನಾಗಿ ಮಾಡಿದೊಡನೆ, ಪಾತಕದ ನೆರಳು ಪಾತಕಿಯನ್ನು ಬಿಟ್ಟು ಅದಕ್ಕೆ ತುತ್ತಾದವಳ ಮೇಲೆ ಬೀಳುತ್ತದೆ. ಸಾಲ ಮಾಡಿದವನು ಒಬ್ಬ. ಅದನ್ನು ಬರೆದದ್ದು ಇನ್ನೊಬ್ಬನ ಖಾತೆಗೆ. ಎಷ್ಟೇ ಅನುಕಂಪ ಸುರಿಸಿದರೂ ತಪ್ಪಿದ ಲೆಕ್ಕ ಸರಿಹೋಗದು.

ತಾತಿಯಾನಾ ದ ರೋನೆ ಅವರು ಬರೆದ, 2007ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಸಾರಾಸ್ ಕೀ’ ಈ ಬಗೆಯ ಕೃತಿಗಳಲ್ಲಿ ಬಹು ಪ್ರಸಿದ್ಧವಾದುದು. 1942ರ ಜುಲೈನಲ್ಲಿ ಪ್ಯಾರಿಸಿನ ಪೊಲೀಸರು ಮನೆಯ ಬಾಗಿಲು ತಟ್ಟಿದಾಗ, ಹತ್ತು ವರ್ಷದ ಸಾರಾ ತನ್ನ ಪುಟ್ಟ ತಮ್ಮನನ್ನು ಗುಪ್ತ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾಳೆ, ಬೇಗ ಹಿಂದಿರುಗುವೆನೆಂಬ ನಂಬಿಕೆಯಿಂದ. ಶಿಬಿರದಿಂದ ತಪ್ಪಿಸಿಕೊಂಡು ಮರಳುವ ವೇಳೆಗೆ ಮಗು ಸತ್ತಿದೆ. ಅರವತ್ತು ವರ್ಷಗಳ ತರುವಾಯ ಪತ್ರಕರ್ತೆಯೊಬ್ಬಳು ಈ ಜಾಡನ್ನು ಹಿಡಿಯುತ್ತಾಳೆ. ಸಾರಾ ಅಮೆರಿಕಕ್ಕೆ ಹೋಗಿ, ಮದುವೆಯಾಗಿ, ತನ್ನ ಮಗನಿಗೂ ನಿಜ ಹೇಳದೆ ಸತ್ತಳೆಂಬುದು ತಿಳಿಯುತ್ತದೆ.

ಕೃತಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ಫ್ರೆಂಚ್ ಪೊಲೀಸರ ಪಾತ್ರವನ್ನು ಅದು ಮರೆಮಾಚುವುದಿಲ್ಲ. ಬರಿದಾದ ಆ ಮನೆಯನ್ನು ಸೇರಿಕೊಂಡ ಕುಟುಂಬದ ಮೌನವನ್ನೂ ಕೆದಕುತ್ತದೆ. ಆದರೆ ಕಥೆಯ ನಡುವೆಯೇ ಸಾರಾಳ ಅಧ್ಯಾಯಗಳು ನಿಂತುಹೋಗುತ್ತವೆ. ಮುಂದೆ ಉಳಿಯುವುದು ಪತ್ರಕರ್ತೆಯ ದಾಂಪತ್ಯ, ಅವಳ ಬಸಿರು, ಅವಳ ತಳಮಳ. ಸಾರಾ ಅವಳ ಶೋಧದ ವಸ್ತುವಾಗುತ್ತಾಳೆ. ಒಂದು ಸರಕಾರ ನಡೆಸಿದ ಮಹಾಪಾತಕದಲ್ಲಿ ವಾಚಕನ ಮನಸ್ಸಿನಲ್ಲಿ ಉಳಿಯುವುದು ಯಾವುದು? ಎಳೆಯ ಹುಡುಗಿಯ ಕೈಯಲ್ಲಿನ ಬೀಗದ ಕೈ.

ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಸುತ್ತಲಿನ ಪ್ರದೇಶದಲ್ಲಿ 13,152 ಯಹೂದ್ಯರ ಬಂಧನವಾಯಿತು. ಅವರಲ್ಲಿ 4,115 ಮಂದಿ ಮಕ್ಕಳು. ಹಿಡಿದವರು ಫ್ರೆಂಚ್ ಪೊಲೀಸರು. ಹದಿನಾರು ವರ್ಷದೊಳಗಿನ ಮಕ್ಕಳನ್ನೂ ಒಯ್ಯಬಹುದೆಂದು ಸೂಚಿಸಿದವನು ಫ್ರೆಂಚ್ ಪ್ರಧಾನಿ ಪಿಯೇರ್ ಲವಾಲ್. ಕುಟುಂಬಗಳನ್ನು ವೆಲ್ ದಿವ್ ಎಂಬ ಸೈಕಲ್ ಪಂದ್ಯದ ಕ್ರೀಡಾಂಗಣದಲ್ಲಿ ಕೂಡಿಹಾಕಿದರು. ಅಲ್ಲಿಂದ ಶಿಬಿರಗಳಿಗೆ ಸಾಗಿಸಿ, ತಂದೆತಾಯಿಗಳನ್ನು ಮೊದಲು ಆಶ್‌ವಿಟ್ಸ್‌ಗೆ ಕಳುಹಿಸಿದರು. ತಬ್ಬಲಿಗಳಾದ ಮಕ್ಕಳನ್ನು ಅನಂತರ.

ಇದನ್ನು ಬಚ್ಚಿಟ್ಟವರು ಯಾರು? 1956ರಲ್ಲಿ ಅಲೆನ್ ರೆನೆ ಅವರು ಶಿಬಿರಗಳನ್ನು ಕುರಿತು ‘ನೈಟ್ ಅಂಡ್ ಫಾಗ್’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಅದರ ಒಂದು ದೃಶ್ಯದಲ್ಲಿ, ಶಿಬಿರವನ್ನು ಕಾಯುತ್ತಿದ್ದವನು ಫ್ರೆಂಚ್ ಪೇದೆಯೆಂಬುದು ಅವನ ಟೋಪಿಯಿಂದ ಗೊತ್ತಾಗುತ್ತಿತ್ತು. ಸೆನ್ಸಾರ್ ಅಧಿಕಾರಿಗಳ ಒತ್ತಾಯಕ್ಕೆ ಆ ಟೋಪಿಯನ್ನು ಮರೆಮಾಡಬೇಕಾಯಿತು. 1959ರಲ್ಲಿ ವೆಲ್ ದಿವ್ ಕಟ್ಟಡವನ್ನೇ ಕೆಡವಿದರು. ಈ ಬಂಧನಕ್ಕೆ ಜರ್ಮನರೊಡನೆ ಒಪ್ಪಂದ ಕುದುರಿಸಿದ ಪೊಲೀಸ್ ಮುಖ್ಯಸ್ಥ ರೆನೆ ಬುಸ್ಕೆಗೆ 1949ರಲ್ಲಿ ಕೊಟ್ಟದ್ದು ನಾಮಮಾತ್ರದ ಶಿಕ್ಷೆ. ಅದನ್ನೂ ಕೂಡಲೇ ರದ್ದುಗೊಳಿಸಲಾಯಿತು. ಅವನು ಬ್ಯಾಂಕಿನ ಉನ್ನತ ಹುದ್ದೆಯಲ್ಲಿ ದಶಕಗಳ ಕಾಲ ಗೌರವಸ್ಥನಾಗಿ ಬಾಳಿದನು. 1991ರಲ್ಲಿ ಮಾನವತೆಯ ವಿರುದ್ಧದ ಅಪರಾಧದ ಆರೋಪ ಹೊರಿಸಲಾಯಿತು. ವಿಚಾರಣೆ ನಡೆಯುವ ಮುನ್ನವೇ, 1993ರಲ್ಲಿ, ಒಬ್ಬ ವ್ಯಕ್ತಿಯ ಗುಂಡಿಗೆ ಬಲಿಯಾದನು. ಫ್ರಾನ್ಸಿನ ಹೊಣೆಯನ್ನು ಆ ದೇಶದ ಅಧ್ಯಕ್ಷರೊಬ್ಬರು, ಝಾಕ್ ಶಿರಾಕ್, ಬಹಿರಂಗವಾಗಿ ಒಪ್ಪಿಕೊಂಡದ್ದು 1995ರಲ್ಲಿ, 53 ವರ್ಷಗಳ ನಂತರ.

ಗುಪ್ತ ಭೂತಕಾಲವಿದ್ದುದು ಬುಸ್ಕೆಗೆ, ಅವನನ್ನು ಆದರಿಸಿದ ಸಮಾಜಕ್ಕೆ. ಪತ್ತೇದಾರಿಗೆ ಯೋಗ್ಯವಾದ ವಸ್ತು ಇದು. ಇದನ್ನು ಬಿಟ್ಟು ಮುದುಕಿಯ ಪೆಟ್ಟಿಗೆಯನ್ನು ಜಾಲಾಡುವುದು ಯಾವ ನ್ಯಾಯ?

ಬದುಕುಳಿದವರು ಮಾತಾಡಲೇ ಇಲ್ಲವೆಂಬುದೂ ಪೂರ್ಣ ಸತ್ಯವಲ್ಲ. ವಾರ್ಸಾದ ಘೆಟ್ಟೋದಲ್ಲಿ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಅವರ ಸಂಗಡಿಗರು ಸಾವಿನ ಬಾಯಲ್ಲಿದ್ದುಕೊಂಡೇ ದಾಖಲೆಗಳನ್ನು ಕೂಡಿಸಿ, ತಗಡಿನ ಪೆಟ್ಟಿಗೆಗಳಲ್ಲೂ ಹಾಲಿನ ಕ್ಯಾನುಗಳಲ್ಲೂ ಹೂತಿಟ್ಟರು. ಅವರು ಹೂತದ್ದು ಮುಚ್ಚಿಡಲೆಂದಲ್ಲ, ಲೋಕ ಒಂದು ದಿನ ಓದಲೆಂದು. ಪೋಲೆಂಡಿನಲ್ಲಿ 1944ರಿಂದ ಯಹೂದಿ ಇತಿಹಾಸ ಆಯೋಗವು ಸುಮಾರು 7,000 ಹೇಳಿಕೆಗಳನ್ನು ಬರೆದುಕೊಂಡಿತು. 1946ರಲ್ಲಿ ಮನಃಶಾಸ್ತ್ರಜ್ಞ ಡೇವಿಡ್ ಬೋಡರ್ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಯುರೋಪಿನ ನಿರಾಶ್ರಿತರನ್ನು ಮಾತಾಡಿಸಿದಾಗ, ನೂರಕ್ಕೂ ಹೆಚ್ಚು ಮಂದಿ ತಮ್ಮ ಕಥೆಯನ್ನು ಹೇಳಿದರು. ಆಶ್‌ವಿಟ್ಸ್‌ನಿಂದ ಮರಳಿದ ಪ್ರಿಮೊ ಲೆವಿ ಕೂಡಲೇ ಬರೆದರು. ಇಟಲಿಯ ಹೆಸರಾಂತ ಪ್ರಕಾಶನ ಸಂಸ್ಥೆ ಎಯ್ನಾಉದಿ ಹಸ್ತಪ್ರತಿಯನ್ನು ತಿರಸ್ಕರಿಸಿತು. 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು 2,500 ಪ್ರತಿ ಅಚ್ಚು ಹಾಕಿದರು. ತಿರಸ್ಕರಿಸಿದ ಸಂಸ್ಥೆಯೇ ಅದನ್ನು ಪ್ರಕಟಿಸಿದ್ದು 1958ರಲ್ಲಿ. ಬಾಯಿ ತೆರೆದೇ ಇತ್ತು, ಮುಚ್ಚಿದ್ದು ಕಿವಿ.

ಮೌನವಾಗಿ ಉಳಿದವರೂ ಇದ್ದರು, ನಿಜ. ಅವರ ಮೌನ ಮಕ್ಕಳ ಮೇಲಿನ ಕರುಣೆಯಾಗಿರಬಹುದು, ಆಯಾಸವಾಗಿರಬಹುದು, ಕೇಳುವವರಿಲ್ಲವೆಂಬ ಅನುಭವವೂ ಆಗಿರಬಹುದು. ಅದನ್ನು ಒಡೆಯಬೇಕಾದ ಬೀಗವೆಂದು ಕಾಣುವುದು ಅವರಿಗೆ ಉಳಿದಿದ್ದ ಕೊನೆಯ ಸ್ವಾತಂತ್ರ್ಯದ ಮೇಲೂ ಕೈಹಾಕಿದಂತೆ.

ಇಂತಹ ಕಾದಂಬರಿಗಳಿಂದಲೇ ಲಕ್ಷಾಂತರ ಮಂದಿಗೆ ವೆಲ್ ದಿವ್ ಎಂಬ ಹೆಸರು ತಿಳಿಯಿತಲ್ಲವೇ ಎಂದು ಕೇಳುವವರಿದ್ದಾರೆ. ತಿಳಿಯಿತು. ಅದು ಚಿಕ್ಕ ಲಾಭವಲ್ಲ. ಕಾದಂಬರಿಕಾರನಿಗೆ ಕಲ್ಪನೆಯ ಹಕ್ಕಿಲ್ಲವೆಂದೂ ಯಾರೂ ಹೇಳುವುದಿಲ್ಲ. ಆದರೆ ಆ ಹಕ್ಕಿನ ಬೆನ್ನಿಗೆ ಹೊಣೆಯೂ ಇದೆ. ಅಂದು ಮಕ್ಕಳಾಗಿದ್ದವರಿಗೆ ಇಂದು ಎಂಬತ್ತು ದಾಟಿದೆ. ಹಾಗಲ್ಲ, ಹೀಗೆ ನಡೆಯಿತೆಂದು ತಿದ್ದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರೆಲ್ಲ ಹೋದ ಮೇಲೆ ಸಾಮಾನ್ಯ ವಾಚಕನ ಪಾಲಿಗೆ ಕಾದಂಬರಿಯ ಆಕಾರವೇ ನೆನಪಿನ ಆಕಾರವಾಗುತ್ತದೆ. ಆಗ ಮುಂದಿನ ಪೀಳಿಗೆ ಸಂಕಟಪಟ್ಟವರನ್ನು ಗುಟ್ಟಿನ ಮನುಷ್ಯರೆಂದು ತಿಳಿದು, ಸಂಕಟ ಕೊಟ್ಟವರ ಹೆಸರನ್ನೇ ಅರಿಯದೆ ಹೋದರೆ, ಆ ಅನ್ಯಾಯವನ್ನು ತಿದ್ದುವವರು ಯಾರು?

ಇಂತಹ ಪುಸ್ತಕವನ್ನು ಓದಬಾರದೆಂದಲ್ಲ. ಓದಿ ಮುಗಿಸಿದ ಮೇಲೆ ವಾಚಕನು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಕಥೆ ಯಾರನ್ನು ವಿಚಾರಣೆಗೆ ನಿಲ್ಲಿಸಿತು? ಮಾಡಿದವನನ್ನೋ, ಮಾಡಿಸಿದವನನ್ನೋ, ನೋಡಿ ಸುಮ್ಮನಿದ್ದವನನ್ನೋ, ಅಥವಾ ಎಲ್ಲವನ್ನೂ ಕಳೆದುಕೊಂಡು ಬಂದವಳನ್ನೋ? ಉತ್ತರ ಕಡೆಯದಾದರೆ, ಆತನು ಅಲ್ಲಿಗೇ ನಿಲ್ಲದೆ ಲೆವಿಯವರ ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು. ಅಲ್ಲಿ ಬದುಕುಳಿದವನೇ, ತನ್ನದೇ ಮಾತಿನಲ್ಲಿ, ಏನನ್ನೂ ಬಚ್ಚಿಡದೆ ಹೇಳಿದ್ದಾನೆ.