ಕರಾಳ ಕತೆಯ ಸಾಂತ್ವನ
ದಣಿದ ವಾರದ ಕೊನೆಗೆ ಮನಸ್ಸು ನೋವಿಲ್ಲದ, ಹಗುರವಾದ ಕತೆಯನ್ನೇ ಅರಸುತ್ತದೆ ಎಂಬ ರೂಢಿಯ ನಂಬಿಕೆಗೆ ಜಪಾನಿನ ಕ್ಯೂ ಹಯಾಶಿದಾ ಅವರ ‘ದೊರೊಹೆದೊರೊ’ ಎಂಬ ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್ ಮಾಲೆ, ಬಲವಾದ ಉತ್ತರವಾಗಿದೆ. 2000ದಿಂದ 2018ರವರೆಗೆ ಧಾರಾವಾಹಿಯಾಗಿ ಬಂದು 23 ಸಂಪುಟಗಳಲ್ಲಿ ಮುಗಿದ ಈ ಕೃತಿಯಲ್ಲಿ, ಮಾಂತ್ರಿಕರು ತಮ್ಮ ದೇಹದಿಂದ ಹೊಮ್ಮುವ ಕಪ್ಪು ಹೊಗೆಯನ್ನು ‘ಹೋಲ್’ ಎಂಬ ಕೊಳಕು ನಗರದ ನಿವಾಸಿಗಳ ಮೇಲೆ ಪ್ರಯೋಗಿಸಿ ಅವರನ್ನು ವಿರೂಪಗೊಳಿಸುತ್ತಾರೆ. ಹಲ್ಲಿಯ ತಲೆ ಹೊತ್ತು, ತನ್ನ ಹಿಂದಿನದೆಲ್ಲವನ್ನೂ ಮರೆತ ಕೈಮನ್ ತನ್ನ ನಿಜರೂಪವನ್ನು ಹುಡುಕುತ್ತಲೇ ಗೆಳತಿ ನಿಕೈದೊಳ ಹೋಟೆಲಿನಲ್ಲಿ ಗ್ಯೋಜಾವನ್ನು, ಎಂದರೆ ಹೂರಣ ತುಂಬಿದ ಪುಟ್ಟ ಕಡುಬನ್ನು, ತಟ್ಟೆಗಟ್ಟಲೆ ತಿನ್ನುತ್ತಾನೆ. ಜುಗುಪ್ಸೆಯೇ ಸ್ಥಾಯಿಭಾವವಾದ ಬೀಭತ್ಸವನ್ನೂ ನಗುವನ್ನು ಆಧರಿಸಿದ ಹಾಸ್ಯವನ್ನೂ ಕಾವ್ಯಮೀಮಾಂಸೆ ಬೇರೆಬೇರೆ ರಸಗಳೆಂದು ಎಣಿಸಿದರೆ, ಇಲ್ಲಿ ಅವೆರಡೂ ಒಂದೇ ಪುಟದಲ್ಲಿ ಜೊತೆಯಾಗಿ ನಿಲ್ಲುತ್ತವೆ. ಕೈಮನ್‌ನ ಎದುರಾಳಿ ಮಾಂತ್ರಿಕ ಎನ್‌ನ ಬಳಗದಲ್ಲಿ ಕೊಲ್ಲುವುದನ್ನೇ ಕಸುಬಾಗಿಸಿಕೊಂಡ ಶಿನ್ ಮತ್ತು ನೋಯಿ ಕೂಡ ಒಬ್ಬರನ್ನೊಬ್ಬರು ಕೈಬಿಡದ ಜೊತೆಗಾರರಾಗಿದ್ದು, ಗಾಯ ಮಾಯಿಸುವ ಶಕ್ತಿ ನೋಯಿಯ ಹೊಗೆಗೇ ಇದೆ. ಲೋಕದಲ್ಲಿ ಕೇಡೇ ಇಲ್ಲವೆಂದು ನಂಬಿಸುವ ಕತೆ ಓದುಗನ ದುಃಖವನ್ನು ಹೊರಗಿಟ್ಟು ಮಾತನಾಡುತ್ತದೆ. ಕೇಡನ್ನು ಪೂರ್ತಿಯಾಗಿ ಒಪ್ಪಿಕೊಂಡು, ಅದರ ನಡುವೆಯೂ ಊಟ, ನಗು, ಸ್ನೇಹ ಉಳಿಯುತ್ತವೆ ಎಂದು ತೋರಿಸುವ ಕತೆ ಆ ದುಃಖವನ್ನೂ ಒಳಗೆ ಕರೆದುಕೊಳ್ಳುತ್ತದೆ. ಆದ್ದರಿಂದ ಇಂಥ ಓದನ್ನು ಕೀಳು ಅಭಿರುಚಿಯೆಂದು ತಳ್ಳಿಹಾಕುವುದು ಸಲ್ಲದು. ಸಾಂತ್ವನ ನೀಡುವ ಸಾಹಿತ್ಯದ ಸಾಲಿನಲ್ಲಿ ಅದಕ್ಕೆ ನ್ಯಾಯವಾದ ಸ್ಥಾನವಿದೆ.