ಆನ್‌ಲೈನ್ ಫಾರ್ಮ್ ಸಲ್ಲಿಕೆಯಾಗದಿದ್ದರೆ ತಪ್ಪು ನಮ್ಮ ಇಂಟರ್‌ನೆಟ್‌ನದ್ದೇ?

ಅರ್ಜಿ ಹಾಕಲು ಇಂದೇ ಕೊನೆಯ ದಿನ. ಎಲ್ಲ ತುಂಬಿ ‘ಸಲ್ಲಿಸಿ’ ಒತ್ತಿದರೆ ಪರದೆಯ ಮೇಲೆ 500 ಎಂಬ ಸಂಖ್ಯೆ. ನಮ್ಮ ನೆಟ್ ಸರಿಯಿಲ್ಲ ಎಂದುಕೊಂಡು ಮತ್ತೆ ಮತ್ತೆ ಒತ್ತುತ್ತೇವೆ. ಆದರೆ ಆ ಸಂಖ್ಯೆಯೇ ಸರ್ವರ್ ಕಳಿಸಿದ ಉತ್ತರ. ಅಂದರೆ ನಮ್ಮ ನೆಟ್ ಕೆಲಸ ಮಾಡಿದೆ. 5ರಿಂದ ಶುರುವಾಗುವ ಸಂಕೇತಗಳು ದೋಷ ಸರ್ವರ್ ಕಡೆಯದು ಎನ್ನುತ್ತವೆ. 4ರಿಂದ ಶುರುವಾಗುವವು ನಾವು ಕಳಿಸಿದ್ದನ್ನು ಸರ್ವರ್ ಒಪ್ಪಲಿಲ್ಲ ಎನ್ನುತ್ತವೆ.

ನಿಜವಾದ ಕಾರಣ ಮಾತ್ರ ಪರದೆಯ ಮೇಲೆ ಕಾಣುವುದಿಲ್ಲ. ಒಳಗಿನ ವಿವರ ಹ್ಯಾಕರ್‌ಗಳ ಕೈಗೆ ಸಿಗಬಾರದೆಂದು ಅದನ್ನು ಸಾಮಾನ್ಯವಾಗಿ ‘ಎರರ್ ಲಾಗ್’ ಎಂಬ ಫೈಲ್‌ನಲ್ಲಿ ದಾಖಲಿಸುತ್ತಾರೆ. ಉಬುಂಟು ಸರ್ವರ್‌ಗಳಲ್ಲಿ ಇದು ‘ವಾರ್’ ಫೋಲ್ಡರ್ ಒಳಗಿನ ‘ಲಾಗ್’ ಫೋಲ್ಡರ್‌ನಲ್ಲಿ, ಅಪಾಚೆ ಅಥವಾ ಎಂಜಿನ್‌ಎಕ್ಸ್ ಹೆಸರಿನಡಿ ಇರುತ್ತದೆ. ಬಾಡಿಗೆ ಹೋಸ್ಟಿಂಗ್ ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹುಡುಕಬೇಕು.

ಒಂದು ಉದಾಹರಣೆ ನೋಡೋಣ. ಫೋಟೊ ಸೇರಿಸಿದಾಗ ಮಾತ್ರ ಫಾರ್ಮ್ ಕೈಕೊಡುತ್ತದೆ, 413 ಎನ್ನುತ್ತದೆ. 4 ಇದೆಯೆಂದು ತಪ್ಪು ನಮ್ಮದೇ ಆಗಬೇಕಿಲ್ಲ. ಯಾರೂ ಬದಲಿಸದಿದ್ದರೆ ಎಂಜಿನ್‌ಎಕ್ಸ್ ಒಪ್ಪುವುದು 1 ಎಂಬಿ ಮಾತ್ರ. ಇಂದಿನ ಫೋನ್‌ಗಳ ಫೋಟೊ ಅದನ್ನು ಸುಲಭವಾಗಿ ಮೀರುತ್ತದೆ. ಕಳಿಸಿದ್ದು ತೀರಾ ದೊಡ್ಡದಾಯಿತು ಎಂದು ಲಾಗ್‌ನ ಒಂದೇ ಸಾಲು ಹೇಳುತ್ತದೆ. ಮಿತಿ ಹೆಚ್ಚಿಸಿದರೆ ಸಮಸ್ಯೆ ಮುಗಿಯಿತು.

ಲಾಗ್‌ನಲ್ಲಿ ಪ್ರತಿ ದೋಷಕ್ಕೂ ಸಮಯ ನಮೂದಾಗಿರುತ್ತದೆ. ಹಾಗಾಗಿ ‘ಫಾರ್ಮ್ ಕೆಲಸ ಮಾಡ್ತಿಲ್ಲ’ ಎಂದಷ್ಟೇ ದೂರದೆ, ಸಂಕೇತ ಮತ್ತು ಸಮಯ ಎರಡನ್ನೂ ತಿಳಿಸೋಣ. ಹುಡುಕುವವರಿಗೂ ಒಂದು ಎಚ್ಚರಿಕೆ: ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ ನಮ್ಮ ಬೆಳಗಿನ 10:30 ಲಾಗ್‌ನಲ್ಲಿ 5:00 ಆಗಿರುತ್ತದೆ.